ಇಬ್ಬರು ಎರಡು ನಂಬರ್ ಕೊಟ್ಟರೆ ಯಾರನ್ನು ನಂಬೋದು?

ಕಣ್ಣಿನ ಮಾತು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳನ್ನೆಲ್ಲ ಟೇಬಲ್ ಮೇಲೆ ಹರಡಿಕೊಂಡು ಓದಿದೆ. ತುಮಕೂರು, ಶಿರಾ, ಕೋಲಾರ, ಶಿಡ್ಲಘಟ್ಟ, ಊರು ಬೇರೆ ಬೇರೆ, ತಕರಾರು ಮಾತ್ರ ಒಂದೇ. ಒಂದು ಕಡೆ ಹೋದರೆ ಒಂದು ಹೇಳುತ್ತಾರೆ, ಇನ್ನೊಂದು ಕಡೆ ಹೋದರೆ ಇನ್ನೊಂದು. ನಾನು ತುಮಕೂರಿನಲ್ಲಿ 19 ವರ್ಷದಿಂದ ಆಪ್ಟೋಮೆಟ್ರಿಸ್ಟ್ ಆಗಿ, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಬರೆಯುವವಳಾಗಿ ಕೆಲಸ ಮಾಡುತ್ತಿದ್ದೇನೆ, ಡಾಕ್ಟರ್ ಅಲ್ಲ. ಈ ತಕರಾರಿನಲ್ಲಿ ನನ್ನ ಪಾಲೂ ಇದೆ. ಅದಕ್ಕೇ ಪೊರೆ ಆಪರೇಷನ್ ಬಗ್ಗೆ ಬಂದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು, ಈ ಸಲ ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 21 ವರ್ಷ, ಇಂಜಿನಿಯರಿಂಗ್ ಕೊನೆಯ ವರ್ಷ. ಒಂದೇ ವಾರದಲ್ಲಿ ಮೂರು ಕಡೆ ಕಣ್ಣು ತೋರಿಸಿದೆ. ಬಲಗಣ್ಣಿಗೆ ಒಬ್ಬರು ಮೈನಸ್ 1.25, ಇನ್ನೊಬ್ಬರು ಮೈನಸ್ 1.50, ಮೂರನೆಯವರು ಮೈನಸ್ 2.25 ಬರೆದರು. ಮೂರನೆಯವರ ಹತ್ತಿರವೇ ಕನ್ನಡಕ ಮಾಡಿಸಿದೆ, ಯಾಕೆಂದರೆ ಅಕ್ಷರ ತುಂಬಾ ಕಪ್ಪಗೆ, ಚೂಪಾಗಿ ಕಂಡಿತು. ಈಗ ಸಂಜೆ ಆದರೆ ಹಣೆ ಸಿಡಿಯುತ್ತದೆ. ಮೂವರಲ್ಲಿ ಯಾರು ಸರಿ?
(ವಿದ್ಯಾರ್ಥಿ, ತುಮಕೂರು)

ಮೊದಲ ಇಬ್ಬರ ನಡುವೆ ಜಗಳವೇ ಇಲ್ಲಪ್ಪ. ಕನ್ನಡಕದ ಲೆನ್ಸ್ 0.25ರ ಲೆಕ್ಕದಲ್ಲಿ ಬರುತ್ತದೆ, ಅದಕ್ಕಿಂತ ಸಣ್ಣ ಹೆಜ್ಜೆ ಮಾಮೂಲಿ ಚೀಟಿಯಲ್ಲಿ ಇರುವುದಿಲ್ಲ. ನಾನೇ ನಿಮ್ಮನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿದರೂ ಕಾಲು ನಂಬರ್ ಆಚೀಚೆ ಆಗಬಹುದು. ನೀವು ಎಷ್ಟು ದಣಿದಿದ್ದೀರಿ, ಕೋಣೆಯಲ್ಲಿ ಬೆಳಕು ಎಷ್ಟಿತ್ತು, 'ಇದು ಚೆನ್ನಾ, ಅದು ಚೆನ್ನಾ' ಅಂತ ಕೇಳಿದಾಗ ನೀವು ಎಷ್ಟು ಯೋಚಿಸಿ ಹೇಳಿದಿರಿ, ಎಲ್ಲವೂ ಸೇರಿ ಆ ನಂಬರ್ ಬರುತ್ತದೆ. ಅಕ್ಷರದ ಚಾರ್ಟ್ ಎಷ್ಟು ದೂರದಲ್ಲಿತ್ತು ಅನ್ನುವುದೂ ಮುಖ್ಯ. ನಿಯಮದ ಪ್ರಕಾರ ಅದು 6 ಮೀಟರ್ ದೂರದಲ್ಲಿರಬೇಕು. ನಮ್ಮ ಪೇಟೆಯ ಅಂಗಡಿಗಳಲ್ಲಿ ಅಷ್ಟು ಉದ್ದದ ಕೋಣೆ ಎಲ್ಲಿಂದ ಬರಬೇಕು? ಕೆಲವರು ಕನ್ನಡಿ ಇಟ್ಟು ದೂರವನ್ನು ಎರಡರಷ್ಟು ಮಾಡಿಕೊಳ್ಳುತ್ತಾರೆ, ಅದು ಸರಿ. ಕನ್ನಡಿಯೂ ಇಲ್ಲದೆ 3 ಮೀಟರ್‌ನಲ್ಲೇ ನೋಡಿ, ಅದನ್ನು ಲೆಕ್ಕಕ್ಕೆ ಹಿಡಿಯದೆ ಬರೆದರೆ ಮೈನಸ್ ನಂಬರ್ ಹತ್ತಿರ ಹತ್ತಿರ 0.25 ಕಡಿಮೆ ಬರುತ್ತದೆ.

ಮೂರನೆಯದು ಬೇರೆ ಕಥೆ. ನಿಮ್ಮ ವಯಸ್ಸಿನ ಕಣ್ಣಿಗೆ ಹತ್ತಿರದ ವಸ್ತು ನೋಡಲು ಒಳಗಿನ ಲೆನ್ಸನ್ನು ಉಬ್ಬಿಸುವ ಶಕ್ತಿ ಚೆನ್ನಾಗಿರುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ಮೈನಸ್ ಹಾಕಿದರೂ ಕಣ್ಣು ಆ ಶಕ್ತಿ ಬಳಸಿ ಸರಿದೂಗಿಸಿಕೊಂಡು ಬಿಡುತ್ತದೆ. ಅಕ್ಷರ ಸ್ವಲ್ಪ ಚಿಕ್ಕದಾಗಿ, ಕಪ್ಪಗೆ ಕಾಣುತ್ತದೆ. ಕೂತವರಿಗೆ ಅದು 'ಇನ್ನೂ ಚೆನ್ನಾಗಿದೆ' ಅನಿಸುತ್ತದೆ. ಆದರೆ ಮೊದಲು ಓದಲು ಆಗದ ಸಾಲನ್ನು ಈಗ ಓದಿದಿರಾ? ಇಲ್ಲವಾದರೆ ಆ ಮೈನಸ್ ನಿಮಗೆ ಬೇಡ. ಕಲಿಸುವಾಗಲೇ ನಮಗೆ ಹೇಳಿಕೊಡುತ್ತಾರೆ: ಪೂರ್ತಿ ದೃಷ್ಟಿ ಬರುವ ಅತಿ ಕಡಿಮೆ ಮೈನಸ್ ಕೊಡಬೇಕು. ಅದಕ್ಕೆ ಮೊದಲು ಪ್ಲಸ್ ಲೆನ್ಸ್ ಹಾಕಿ ಕಣ್ಣನ್ನು ಮಂಜು ಮಾಡಿ, ನಿಧಾನಕ್ಕೆ ಇಳಿಸುತ್ತಾ ಬರಬೇಕು. ಸಮಯ ಹಿಡಿಯುತ್ತದೆ. ಮೆಷಿನ್ ಒಳಗೆ ಇಣುಕಿ ಬಲೂನ್ ಚಿತ್ರ ನೋಡಿದ ಕೂಡಲೇ ಬರುವ ಪ್ರಿಂಟ್ ಚೀಟಿಯನ್ನೇ ನಂಬಿ ಬರೆದುಕೊಟ್ಟರೆ ಈ ತಪ್ಪು ಆಗೋದು ಸುಲಭ, ಯಾಕೆಂದರೆ ಎಷ್ಟೋ ಎಳೆಯ ಕಣ್ಣುಗಳು ಮೆಷಿನ್ ಒಳಗಿನ ಚಿತ್ರವನ್ನು ಹತ್ತಿರದಲ್ಲಿದೆ ಅಂದುಕೊಂಡು ಬಿಗಿದುಕೊಳ್ಳುತ್ತವೆ. 'ಕಂಪ್ಯೂಟರ್ ಟೆಸ್ಟ್' ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ನಂಬರ್ ಸರಿ ಅಂತ ಅರ್ಥ ಅಲ್ಲ. ಮೆಷಿನ್ ಕೊಡೋದು ಎಲ್ಲಿಂದ ಶುರು ಮಾಡಬೇಕು ಅನ್ನುವ ಸುಳಿವು, ಅಷ್ಟೇ.

ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಸಾಧ್ಯವಾದರೆ ಕಣ್ಣಿನ ಈ ಬಿಗಿತವನ್ನು ಸ್ವಲ್ಪ ಹೊತ್ತು ಸಡಿಲಿಸುವ ಡ್ರಾಪ್ಸ್ ಹಾಕಿ ನೋಡಿಸಿ, ಅದಕ್ಕೆ ಕಣ್ಣಿನ ಡಾಕ್ಟರ್ ಇರುವ ಕಡೆ ಹೋಗಿ. ಮೂರೂ ಚೀಟಿ ತೆಗೆದುಕೊಂಡು ಹೋಗಿ. ಮುಚ್ಚಿಡಬೇಡಿ. ಹಿಂದಿನವರು ಏನು ಬರೆದಿದ್ದಾರೆ ಅಂತ ಗೊತ್ತಾದರೆ ನಮ್ಮ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ.

ಪ್ರಶ್ನೆ: ನನ್ನ ಮಗಳಿಗೆ 8 ವರ್ಷ. ಹೋದ ವರ್ಷ ಮೈನಸ್ 1 ಇತ್ತು, ಈಗ ಮೈನಸ್ 2. ಒಬ್ಬರು 'ನಂಬರ್ ಸ್ವಲ್ಪ ಕಡಿಮೆ ಕೊಡೋಣ, ಇಲ್ಲಾಂದ್ರೆ ಕಣ್ಣು ಕನ್ನಡಕಕ್ಕೆ ಒಗ್ಗಿಬಿಡುತ್ತೆ' ಅಂದರು. ಇನ್ನೊಬ್ಬರು ರಾತ್ರಿ ಹಾಕುವ ಡ್ರಾಪ್ಸ್ ಬೇಕು ಅಂದರು. ಮತ್ತೊಬ್ಬರು ತುಂಬಾ ದುಬಾರಿ ಲೆನ್ಸ್ ತೋರಿಸಿದರು. ನಮ್ಮತ್ತೆ ಅಂತೂ ಕ್ಯಾರೆಟ್ ತಿನ್ನಿಸಿ ಕನ್ನಡಕ ಬಿಡಿಸು ಅನ್ನುತ್ತಾರೆ. ತಲೆ ಕೆಟ್ಟುಹೋಗಿದೆ.
(ಒಬ್ಬ ತಾಯಿ, ಶಿರಾ)

ಅಮ್ಮ, ಮೊದಲನೆಯವರ ಮಾತನ್ನು ಮೊದಲು ಬಿಡಿ. ನಂಬರ್ ಕಡಿಮೆ ಕೊಟ್ಟರೆ ಬೆಳೆಯೋದು ನಿಲ್ಲುತ್ತದೆ ಅನ್ನೋದು ಹಳೆಯ ನಂಬಿಕೆ. ಅದನ್ನು ಮಲೇಷ್ಯಾದಲ್ಲಿ 94 ಮಕ್ಕಳ ಮೇಲೆ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಎರಡು ವರ್ಷದಲ್ಲಿ, ಪೂರ್ತಿ ನಂಬರ್ ಹಾಕಿದ ಮಕ್ಕಳಿಗೆ ಸರಾಸರಿ 0.77 ಏರಿತ್ತು. ಬೇಕೆಂದೇ 0.75 ಕಡಿಮೆ ಕೊಟ್ಟ ಮಕ್ಕಳಿಗೆ 1.00 ಏರಿತ್ತು. ಅಂದರೆ ಕಡಿಮೆ ಕೊಟ್ಟವರಿಗೇ ನಷ್ಟ. ಇದು ಬಂದು ಇಷ್ಟು ವರ್ಷ ಆದರೂ ನಮ್ಮಲ್ಲಿ ಕೆಲವರು ಅದೇ ಹಳೆ ಪದ್ಧತಿ ಬಿಟ್ಟಿಲ್ಲ, ಇದು ನನಗೆ ನಿಜಕ್ಕೂ ಬೇಸರದ ವಿಷಯ. ಮಗು ಬೋರ್ಡ್ ಕಾಣದೆ ಕೂತಿರುತ್ತದೆ, ಟೀಚರ್ 'ಗಮನ ಇಲ್ಲ' ಅಂತ ಬೈಯುತ್ತಾರೆ.

ಉಳಿದ ಇಬ್ಬರದ್ದೂ ಸರಿಯಾದ ದಾರಿಯೇ, ಬೇರೆ ಬೇರೆ ದಾರಿ. ರಾತ್ರಿ ಹಾಕುವ ಡ್ರಾಪ್ಸ್ ಅಂದರೆ ಅಟ್ರೋಪಿನ್, ತುಂಬಾ ತೆಳುವಾಗಿ ಬೆರೆಸಿದ್ದು, ನಂಬರ್ ಏರೋದನ್ನು ನಿಧಾನ ಮಾಡಲು ಕೊಡುತ್ತಾರೆ. ಎಷ್ಟು ತೆಳು ಇರಬೇಕು ಅನ್ನುವುದರಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ, ಅದಕ್ಕೆ ಕಾರಣವೂ ಇದೆ. ಹಾಂಗ್‌ಕಾಂಗ್‌ನಲ್ಲಿ 4ರಿಂದ 12 ವರ್ಷದ 438 ಮಕ್ಕಳನ್ನು ಸೇರಿಸಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ಔಷಧಿ ಇಲ್ಲದ ಡ್ರಾಪ್ಸ್ ಹಾಕಿದವರಿಗೆ ಒಂದು ವರ್ಷದಲ್ಲಿ ಸರಾಸರಿ 0.81 ಏರಿತು. 0.01 ಪರ್ಸೆಂಟ್ ಹಾಕಿದವರಿಗೆ 0.59, 0.05 ಪರ್ಸೆಂಟ್ ಹಾಕಿದವರಿಗೆ 0.27. ಇನ್ನೊಂದು ಕಡೆ, 2023ರಲ್ಲಿ ಅಮೆರಿಕದಿಂದ ಬಂದ ಪರೀಕ್ಷೆಯಲ್ಲಿ 0.01 ಪರ್ಸೆಂಟ್‌ನಿಂದ ಏನೂ ಪ್ರಯೋಜನ ಕಾಣಲಿಲ್ಲ. ಈಗ ಹೇಳಿ, ಒಬ್ಬ ಡಾಕ್ಟರ್ 0.01 ಬರೆದು ಇನ್ನೊಬ್ಬರು 0.05 ಬರೆದರೆ ಅದರಲ್ಲಿ ಆಶ್ಚರ್ಯ ಏನಿದೆ? ಹೆಚ್ಚಿನದಕ್ಕೆ ಹೋದರೆ ಕೆಲವು ಮಕ್ಕಳಿಗೆ ಬಿಸಿಲು ಚುಚ್ಚುತ್ತದೆ, ಹತ್ತಿರ ಓದುವುದು ಸ್ವಲ್ಪ ಮಂಜಾಗುತ್ತದೆ. ಅಟ್ರೋಪಿನ್ ಅನ್ನು ಡಾಕ್ಟರೇ ಬರೆಯಬೇಕು. ಆಪ್ಟೋಮೆಟ್ರಿಸ್ಟ್ ಆಗಲಿ, ಮೆಡಿಕಲ್ ಶಾಪಿನವರಾಗಲಿ ತಾವೇ ಕೊಡುವ ಔಷಧಿ ಅದಲ್ಲ. ತಾನಾಗೇ ನಿಲ್ಲಿಸಲೂ ಬಾರದು, ಸಡನ್ನಾಗಿ ಬಿಟ್ಟರೆ ನಂಬರ್ ಮತ್ತೆ ಓಡಬಹುದು.

ದುಬಾರಿ ಲೆನ್ಸ್ ಬಗ್ಗೆ. ಮಧ್ಯದಲ್ಲಿ ಮಾಮೂಲಿ ಪವರ್, ಸುತ್ತ ಪುಟ್ಟ ಪುಟ್ಟ ಲೆನ್ಸ್‌ಗಳು ಇರುವ ಕನ್ನಡಕ ಅದು. ಹಾಂಗ್‌ಕಾಂಗ್‌ನಲ್ಲೇ ಅಂಥ ಒಂದು ಲೆನ್ಸನ್ನು ಎರಡು ವರ್ಷ ಪರೀಕ್ಷಿಸಿದಾಗ ಮಕ್ಕಳ ನಂಬರ್ ಏರುವುದು ಸಾಧಾರಣ ಲೆನ್ಸ್‌ಗಿಂತ ಸುಮಾರು ಅರ್ಧದಷ್ಟು ನಿಧಾನವಾಯಿತು. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಮಾಮೂಲಿ ಲೆನ್ಸ್‌ಗಿಂತ ಹಲವು ಪಟ್ಟು ಬೆಲೆ, ನಂಬರ್ ಬದಲಾದರೆ ಮತ್ತೆ ಖರ್ಚು. ಮಗು ಇಡೀ ದಿನ ಹಾಕಿಕೊಂಡರೆ ಮಾತ್ರ ಫಲ. ನಿಮ್ಮ ಮನೆಯ ಲೆಕ್ಕ ನೋಡಿಕೊಂಡು ತೀರ್ಮಾನ ಮಾಡಿ, ಆಗದಿದ್ದರೆ ತಪ್ಪಿತಸ್ಥ ಭಾವನೆ ಬೇಡವೇ ಬೇಡ. ಹೀಗೆ ಮಾರುವವರನ್ನು ಒಂದು ಪ್ರಶ್ನೆ ಕೇಳಿ: 'ಇದು ಫಲ ಕೊಡ್ತಿದೆಯೋ ಇಲ್ಲವೋ ಅಂತ ಹೇಗೆ ನೋಡ್ತೀರಿ?' ಆರು ತಿಂಗಳಿಗೊಮ್ಮೆ ಡ್ರಾಪ್ಸ್ ಹಾಕಿ ನಂಬರ್ ನೋಡುತ್ತೇವೆ, ಕಣ್ಣುಗುಡ್ಡೆಯ ಉದ್ದ ಅಳೆಯುತ್ತೇವೆ ಅಂದರೆ ಸರಿಯಾದ ಜಾಗ. ಉತ್ತರ ಬರದಿದ್ದರೆ ಅಲ್ಲಿ ಬರೀ ಲೆನ್ಸ್ ಮಾರುತ್ತಾರೆ ಅಂತ ತಿಳಿಯಿರಿ.

ಕ್ಯಾರೆಟ್ ತಿನ್ನಿಸಿ, ಒಳ್ಳೇದೇ. ನಂಬರ್ ಮಾತ್ರ ಇಳಿಯಲ್ಲ. ಅದಕ್ಕಿಂತ ಮಗುವನ್ನು ಬೆಳಕಿಗೆ ಕಳಿಸಿ. ಚೀನಾದ ಗ್ವಾಂಗ್‌ಝೌ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೊರಗಿನ ಪಾಠ, ಆಟ ಸೇರಿಸಿ ಮೂರು ವರ್ಷ ನೋಡಿದರು, 2015ರಲ್ಲಿ ಪ್ರಕಟವಾಯಿತು. ಹೊಸದಾಗಿ ಮೈನಸ್ ಬಂದ ಮಕ್ಕಳು ಬೇರೆ ಶಾಲೆಗಳಲ್ಲಿ 39.5 ಪರ್ಸೆಂಟ್, ಈ ಶಾಲೆಗಳಲ್ಲಿ 30.4. ಈಗಾಗಲೇ ನಂಬರ್ ಬಂದ ಮಕ್ಕಳಿಗೆ ಇದರಿಂದ ಸಿಗುವ ಲಾಭ ಕಡಿಮೆ, ಹಾಗಂತ ಬಿಡಬೇಡಿ. ಚಿಕ್ಕ ಮಗು ಇನ್ನೊಬ್ಬರಿದ್ದರೆ ಅವರಿಗಂತೂ ಇದೇ ದೊಡ್ಡ ಔಷಧಿ. ಸ್ಕೂಲ್ ಬಿಟ್ಟ ಮೇಲೆ ಟ್ಯೂಷನ್, ಟ್ಯೂಷನ್ ಬಿಟ್ಟ ಮೇಲೆ ಮೊಬೈಲ್ ಅಂತ ಆದರೆ ಆ ಮಗು ಸೂರ್ಯನನ್ನು ನೋಡೋದು ಯಾವಾಗ?

ಒಂದು ವಿಷಯ ಹೇಳಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಏಳು ವರ್ಷದ ಒಬ್ಬ ಹುಡುಗನಿಗೆ ಪರೀಕ್ಷೆಯ ಡ್ರಾಪ್ಸ್ ಹಾಕಿಸದೆ, ಮೆಷಿನ್ ಹೇಳಿದ ಮೈನಸ್ ಬರೆದುಕೊಟ್ಟೆ. ಸಾಲು ಉದ್ದ ಇತ್ತು, ಬೇಗ ಮುಗಿಸಬೇಕಿತ್ತು. ಆರು ತಿಂಗಳ ನಂತರ ತಲೆನೋವು ಅಂತ ಬೇರೆ ಕಡೆ ಹೋದಾಗ ಡ್ರಾಪ್ಸ್ ಹಾಕಿ ನೋಡಿದರು. ಅವನಿಗೆ ಇದ್ದದ್ದು ಪ್ಲಸ್. ಅವರ ಅಮ್ಮ ಬಂದು ನನಗೆ ಆ ಚೀಟಿ ತೋರಿಸಿದರು, ಬೈಯಲಿಲ್ಲ. ಅವತ್ತಿನಿಂದ ಮಕ್ಕಳ ಮೊದಲ ಕನ್ನಡಕ ಡ್ರಾಪ್ಸ್ ಹಾಕಿ ನೋಡದೆ ಬರೆದಿಲ್ಲ. ನಿಮ್ಮ ಮಗಳಿಗೂ ಹಾಗೆ ನೋಡಿದ್ದಾರಾ ಅಂತ ಕೇಳಿಕೊಳ್ಳಿ.

ಪ್ರಶ್ನೆ: ಬ್ಲೂ ಲೈಟ್ ಕೋಟಿಂಗ್ ಹಾಕಿಸಲೇಬೇಕಾ? ಒಂದು ಕಡೆ 'ಇಲ್ಲದೇ ಹೋದರೆ ಕಣ್ಣು ಹಾಳು' ಅಂದರು.
(ಅಕೌಂಟ್ಸ್ ಕೆಲಸದವರು, ಕೋಲಾರ)

ಬೇಡ. ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯವರು 2023ರಲ್ಲಿ 17 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಕಂಪ್ಯೂಟರ್ ಮುಂದೆ ಕೂರುವವರ ಕಣ್ಣಿನ ಆಯಾಸ ಆ ಲೆನ್ಸ್‌ನಿಂದ ಕಡಿಮೆ ಆಗುತ್ತದೆ ಅನ್ನೋದಕ್ಕೆ ಆಧಾರ ಸಿಗಲಿಲ್ಲ. ಸ್ಕ್ರೀನ್ ನೋಡುವಾಗ ನಾವು ಕಣ್ಣು ಮಿಟುಕಿಸೋದು ಕಡಿಮೆ ಮಾಡುತ್ತೇವೆ, ಅದಕ್ಕೇ ಉರಿ. ಆಗಾಗ ಎದ್ದು ಕಿಟಕಿ ಆಚೆ ದೂರ ನೋಡಿ, ಫ್ಯಾನ್ ಗಾಳಿ ನೇರ ಮುಖಕ್ಕೆ ಬೀಳದ ಹಾಗೆ ನೋಡಿಕೊಳ್ಳಿ. ಆ ದುಡ್ಡಿಗೆ ಒಳ್ಳೆಯ ಫ್ರೇಮ್ ಬರುತ್ತದೆ.

ಪ್ರಶ್ನೆ: ನಮ್ಮ ತಂದೆಗೆ 58. ಮೂರು ತಿಂಗಳಲ್ಲಿ ಎರಡು ಕನ್ನಡಕ ಆಯಿತು. ಮೊದಲನೆಯದು ಬಂದಾಗ ಚೆನ್ನಾಗಿತ್ತು, ತಿಂಗಳಲ್ಲೇ ಮಂಜಾಯಿತು. ಎರಡನೆಯದೂ ಈಗ ಸರಿ ಇಲ್ಲ. ಇತ್ತೀಚೆಗೆ ಶುಗರ್ ಇದೆ ಅಂತ ಗೊತ್ತಾಗಿ ಮಾತ್ರೆ ಶುರು ಮಾಡಿದ್ದಾರೆ. ಅಂಗಡಿಯವರು ಮೋಸ ಮಾಡಿದರಾ?
(ಓದುಗರು, ಗೌರಿಬಿದನೂರು)

ಮೋಸ ಇರಲಾರದು, ಕೇಳಬೇಕಾದ್ದನ್ನು ಕೇಳಲಿಲ್ಲ ಅನಿಸುತ್ತದೆ. ಸಕ್ಕರೆ ಏರಿಳಿತ ಆದಾಗ ಕಣ್ಣೊಳಗಿನ ಲೆನ್ಸ್ ನೀರು ಹೀರಿಕೊಂಡು, ಬಿಟ್ಟು ಮಾಡುತ್ತದೆ. ಸಕ್ಕರೆ ತುಂಬಾ ಮೇಲಿದ್ದಾಗ ಸಾಮಾನ್ಯವಾಗಿ ಮೈನಸ್ ಕಡೆಗೆ ಹೋಗುತ್ತದೆ. ಮಾತ್ರೆ ಶುರು ಮಾಡಿ ಸಕ್ಕರೆ ಬೇಗ ಇಳಿದರೆ ಪ್ಲಸ್ ಕಡೆಗೆ. ಅಂದರೆ ಆ ಎರಡೂ ಚೀಟಿ ಬರೆದ ದಿನದ ಮಟ್ಟಿಗೆ ಸರಿಯೇ ಇದ್ದಿರಬಹುದು. 'ಶುಗರ್ ಇದೆಯಾ, ಯಾವಾಗ ಗೊತ್ತಾಯ್ತು, ಈಗ ಎಷ್ಟಿದೆ' ಅನ್ನುವ ಮೂರು ಮಾತು ಕೇಳಿದ್ದರೆ ಎರಡು ಕನ್ನಡಕದ ದುಡ್ಡು ಉಳಿಯುತ್ತಿತ್ತು. ಸಕ್ಕರೆ ಒಂದು ಹದಕ್ಕೆ ಬಂದು ಒಂದೆರಡು ತಿಂಗಳು ಹಾಗೇ ನಿಲ್ಲಲಿ, ಆಮೇಲೆ ಕನ್ನಡಕ. ಅಲ್ಲಿಯವರೆಗೆ ಎರಡರಲ್ಲಿ ಯಾವುದು ವಾಸಿಯೋ ಅದರಲ್ಲೇ ನಡೆಸಲಿ.

ಕನ್ನಡಕಕ್ಕಿಂತ ಮುಖ್ಯವಾದದ್ದು ಇನ್ನೂ ಬಾಕಿ ಇದೆ. ಈಗಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಡ್ರಾಪ್ಸ್ ಹಾಕಿ ಕಣ್ಣಿನ ಹಿಂಭಾಗದ ರೆಟಿನಾ ಪರೀಕ್ಷೆ ಮಾಡಿಸಿ. ಸಕ್ಕರೆಯಿಂದ ರೆಟಿನಾ ಕೆಡುವುದು ಶುರುವಾದಾಗ ನೋಟದಲ್ಲಿ ಏನೂ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ತಡ ಆಗಿರುತ್ತದೆ. ಅವತ್ತು ಅವರು ಗಾಡಿ ಓಡಿಸಬಾರದು. ನೀವೇ ಕರೆದುಕೊಂಡು ಹೋಗಿ, ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ.

ಪ್ರಶ್ನೆ: ಅಕ್ಕ, ನಾನೂ ಆಪ್ಟೋಮೆಟ್ರಿಸ್ಟ್. ಕೋರ್ಸ್ ಮುಗಿಸಿ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಓನರ್ ಒಬ್ಬರಿಗೆ ಹತ್ತು ನಿಮಿಷಕ್ಕಿಂತ ಜಾಸ್ತಿ ತಗೋಬೇಡ ಅನ್ನುತ್ತಾರೆ. ಕಣ್ಣೊಳಗೆ ಬೆಳಕು ಬಿಟ್ಟು ನಂಬರ್ ಅಳೆಯುವ ರೆಟಿನೋಸ್ಕೋಪ್ ತೆಗೆದರೆ 'ಮೆಷಿನ್ ಇದೆಯಲ್ಲ' ಅನ್ನುತ್ತಾರೆ. ಕಣ್ಣು ಕೆಂಪಾಗಿ ಬಂದವರು 'ಡಾಕ್ಟರ್ ಹತ್ರ ಹೋಗೋಕೆ ಆಗಲ್ಲ, ನೀವೇ ಒಂದು ಡ್ರಾಪ್ಸ್ ಬರ್ಕೊಡಿ' ಅಂತ ಬೇಡಿಕೊಳ್ಳುತ್ತಾರೆ. ಅಮೆರಿಕದಲ್ಲಿ ನಮ್ಮವರು ಔಷಧಿ ಬರೆಯುತ್ತಾರಂತೆ. ನಾವು ಯಾಕೆ ಬರೆಯಬಾರದು?
(ಹೆಸರು ಬೇಡ, ಕೋಲಾರ ಜಿಲ್ಲೆ)

ತಂಗಿ, ನಿನ್ನ ಪತ್ರ ಎರಡು ಸಲ ಓದಿದೆ. ಇಂಥದ್ದೇ ಜಾಗದಲ್ಲಿ ನಾನೂ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ.

ಔಷಧಿ ವಿಷಯ ಮೊದಲು. ಅಮೆರಿಕದ ಮಾತು ನಿಜ, ಆದರೆ ಅದು ಒಂದೇ ದಿನದಲ್ಲಿ ಆಗಲಿಲ್ಲ. 1971ರಲ್ಲಿ ರೋಡ್ ಐಲ್ಯಾಂಡ್ ರಾಜ್ಯದಲ್ಲಿ ಪರೀಕ್ಷೆಗೆ ಬೇಕಾದ ಡ್ರಾಪ್ಸ್ ಹಾಕಲು ಮೊದಲು ಅನುಮತಿ ಸಿಕ್ಕಿತು. ಚಿಕಿತ್ಸೆಗೆ ಔಷಧಿ ಬರೆಯಲು 1976ರಲ್ಲಿ ವೆಸ್ಟ್ ವರ್ಜೀನಿಯಾ. ಆಮೇಲೆ ಒಂದೊಂದೇ ರಾಜ್ಯ. ಅದಕ್ಕೆ ತಕ್ಕ ಓದು, ಪರೀಕ್ಷೆ, ಆಸ್ಪತ್ರೆಯ ಅನುಭವ ಜೊತೆಗೇ ಬೆಳೆಯಿತು. ನಮ್ಮಲ್ಲಿ ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದ್ದೇ 2021ರಲ್ಲಿ. ಆಪ್ಟೋಮೆಟ್ರಿಸ್ಟ್‌ಗಳು ಅದರ ಪಟ್ಟಿಯಲ್ಲಿ ಇದ್ದಾರೆ ಅನ್ನೋದು ನಮಗೆ ದೊಡ್ಡ ವಿಷಯ. ಹೆಸರಿಗೊಂದು ನೆಲೆ ಸಿಕ್ಕಿತು. ಔಷಧಿ ಬರೆಯುವ ಅಧಿಕಾರ ಅದರಿಂದ ಬಂತು ಅಂತ ಅಂದುಕೊಳ್ಳಬೇಡ.

ಕಾನೂನು ಪಕ್ಕಕ್ಕಿಡು. ನಿನ್ನ ಎದುರು ಕೂತ ಕಣ್ಣಿನ ಬಗ್ಗೆ ಯೋಚಿಸು. ನಿಮ್ಮ ಕಡೆ ರಾಗಿ ಒಕ್ಕಣೆ ಕಾಲದಲ್ಲಿ ಹೊಟ್ಟು ಬಿದ್ದ ಕಣ್ಣು ಬರುತ್ತದೆ, ನಮ್ಮ ಕಡೆ ತೆಂಗಿನ ಗರಿ ತಗುಲಿದ ಕಣ್ಣು. ಗಿಡದ ಚೂರು ಕರಿಗುಡ್ಡೆಗೆ ಗೀರಿದರೆ ಅಲ್ಲಿ ಫಂಗಸ್ ಬೆಳೆಯಬಹುದು. ಮೊದಲ ಎರಡು ದಿನ ಅದು ಮಾಮೂಲಿ ಕೆಂಗಣ್ಣಿನ ಹಾಗೇ ಕಾಣುತ್ತದೆ. ಅದಕ್ಕೆ ಯಾರೋ ಸ್ಟೀರಾಯ್ಡ್ ಇರುವ ಡ್ರಾಪ್ಸ್ ಕೊಟ್ಟರು ಅಂದುಕೋ. ಕೆಂಪು ಇಳಿಯುತ್ತದೆ, ನೋವು ಕಡಿಮೆ ಆಗುತ್ತದೆ, ಆ ಮನುಷ್ಯ ಬಂದು ನಿನ್ನ ಕೈ ಮುಗಿಯುತ್ತಾನೆ. ಒಳಗೆ ಫಂಗಸ್ ಹಬ್ಬುತ್ತಿರುತ್ತದೆ. ಹತ್ತು ದಿನದ ಮೇಲೆ ಕರಿಗುಡ್ಡೆ ಬೆಳ್ಳಗಾಗಿ ಆಸ್ಪತ್ರೆಗೆ ಹೋಗುತ್ತಾನೆ, ಆಗ ಉಳಿಸೋದು ಕಷ್ಟ. ಹೀಗೆ ಒಂದು ಕಣ್ಣು ಹೋದದ್ದನ್ನು ನಾನು ನೋಡಿದ್ದೇನೆ. ಆ ಡ್ರಾಪ್ಸ್ ಕೊಟ್ಟವರು ಒಳ್ಳೆಯ ಮನಸ್ಸಿನವರೇ ಇದ್ದರು. ಹಾಗೇ ಬೇಸಿಗೆಯಲ್ಲಿ ಕಣ್ಣು ಉಜ್ಜಿಕೊಂಡು ಬರುವ ಅಲರ್ಜಿ ಮಕ್ಕಳು. ಅವರಿಗೆ ಒಮ್ಮೆ ಬರೆದ ಸ್ಟೀರಾಯ್ಡ್ ಡ್ರಾಪ್ಸನ್ನು ಮನೆಯವರು ವರ್ಷಗಟ್ಟಲೆ ಅದೇ ಚೀಟಿ ತೋರಿಸಿ ತಂದು ಹಾಕುತ್ತಾರೆ. ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಅಂದರೆ ಕಣ್ಣಿನ ನರ ಸವೆಯುವ ಕಾಯಿಲೆ ಬಂದಿರುತ್ತದೆ, ಸಣ್ಣ ವಯಸ್ಸಿಗೇ ಪೊರೆ ಬಂದಿರುತ್ತದೆ. ಹರಳೆಣ್ಣೆ, ಎದೆಹಾಲು ಹಾಕಿಕೊಂಡು ಬರುವವರಿಗೂ ಬೈಯಬೇಡ, ಆದರೆ ನಿಲ್ಲಿಸು.

ಹಾಗಾದರೆ ನೀನು ಏನು ಮಾಡಬಹುದು? ಬಹಳ ಮಾಡಬಹುದು. ನೋವು ಇದೆಯಾ, ಬೆಳಕು ಚುಚ್ಚುತ್ತಾ, ನೋಟ ಇಳಿದಿದೆಯಾ, ಏನಾದರೂ ಬಿದ್ದಿತ್ತಾ, ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಾರಾ. ಇದರಲ್ಲಿ ಒಂದಕ್ಕೆ 'ಹೌದು' ಬಂದರೂ ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. 'ಹೋಗಿ' ಅಂತ ಬಾಯಲ್ಲಿ ಹೇಳಿದರೆ ಯಾರೂ ಹೋಗುವುದಿಲ್ಲ. ಒಂದು ಚೀಟಿ ಬರೆ. ಎರಡೂ ಕಣ್ಣಿನ ನೋಟ ಎಷ್ಟು, ಏನು ಕಂಡಿತು, ಯಾವ ಅನುಮಾನ, ನಿನ್ನ ಫೋನ್ ನಂಬರ್. ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಯಾವ ದಿನ ಇರುತ್ತದೆ ಅಂತ ವಿಚಾರಿಸಿ ಅದನ್ನೂ ಬರೆ. ಸಂಜೆ ಫೋನ್ ಮಾಡಿ 'ಹೋದ್ರಾ?' ಅಂತ ಕೇಳು. ಈ ಒಂದು ಅಭ್ಯಾಸದಿಂದ ನನಗೆ ಸಿಕ್ಕ ಗೌರವ ಯಾವ ಮೆಷಿನ್‌ನಿಂದಲೂ ಸಿಕ್ಕಿಲ್ಲ. ಡಾಕ್ಟರುಗಳೂ ನಿಧಾನಕ್ಕೆ ನಮ್ಮ ಚೀಟಿ ಓದೋಕೆ ಶುರು ಮಾಡುತ್ತಾರೆ, ತಿರುಗಿ ಬರೆದು ಕಳಿಸುತ್ತಾರೆ, ಅಲ್ಲಿಂದ ನಾವು ಕಲಿಯುತ್ತೇವೆ.

ಹತ್ತು ನಿಮಿಷದ ಮಾತು. ಓನರ್ ಜೊತೆ ಜಗಳ ಆಡಬೇಡ, ಲೆಕ್ಕ ತೋರಿಸು. ಸರಿ ಆಗದೆ ವಾಪಸ್ ಬಂದ ಕನ್ನಡಕ ಎಷ್ಟು ಅಂತ ಒಂದು ತಿಂಗಳು ನೋಟ್‌ಬುಕ್‌ನಲ್ಲಿ ಬರೆದಿಡು, ಪ್ರತಿ ಸಲವೂ ಲೆನ್ಸ್ ಬದಲಿಸಿದ ಖರ್ಚು ಅವರ ಜೇಬಿನದ್ದೇ. ಮುಂದಿನ ತಿಂಗಳು ರೆಟಿನೋಸ್ಕೋಪ್ ಬಳಸಿ, ಐದು ನಿಮಿಷ ಜಾಸ್ತಿ ತೆಗೆದುಕೊಂಡು ನೋಡು. ನನಗೆ ಆ ನೋಟ್‌ಬುಕ್ ಕೆಲಸ ಮಾಡಿತು. ರೆಟಿನೋಸ್ಕೋಪ್ ಮಾತ್ರ ಬಿಡಬೇಡ. ಆ ಬೆಳಕಿನ ಪಟ್ಟಿ ಕಣ್ಣೊಳಗೆ ಆಡೋದನ್ನು ನೋಡುವಾಗ ಪೊರೆ ಶುರುವಾಗಿದೆಯಾ, ಕರಿಗುಡ್ಡೆ ಸೊಟ್ಟ ಇದೆಯಾ ಅಂತಲೂ ಕಾಣುತ್ತದೆ. ಮೆಷಿನ್ ನಂಬರ್ ಕೊಟ್ಟು ಸುಮ್ನೆ ಆಗುತ್ತದೆ.

40 ದಾಟಿದವರು ಬಂದರೆ ಕಣ್ಣಿನ ಒತ್ತಡ ನೋಡು, ಸಾಧನ ಇಲ್ಲದಿದ್ದರೆ ಇರುವ ಕಡೆ ಕಳಿಸು. ಆದರೆ ಮಾಮೂಲಿ ಮಟ್ಟವಾದ 10ರಿಂದ 21ರ ಒಳಗೆ ಬಂತು ಅಂತ 'ಗ್ಲಾಕೋಮಾ ಇಲ್ಲ' ಅಂದುಬಿಡಬೇಡ. ಆ ಒತ್ತಡದಲ್ಲೂ ಕಣ್ಣಿನ ನರ ಸವೆಯುವವರು ಇದ್ದಾರೆ, ನರವನ್ನು ನೋಡಲೇಬೇಕು. ಮನೆಯಲ್ಲಿ ಯಾರಿಗಾದರೂ ಇತ್ತಾ ಅಂತ ಕೇಳು.

ಪ್ರಶ್ನೆ: ಐದು ವರ್ಷದ ಮಗನಿಗೆ ಸೋಮಾರಿ ಕಣ್ಣು. ಒಬ್ಬರು ಒಳ್ಳೆಯ ಕಣ್ಣನ್ನು ದಿನಕ್ಕೆ 2 ಗಂಟೆ ಮುಚ್ಚಿ ಅಂದರು, ಇನ್ನೊಬ್ಬರು 6 ಗಂಟೆ. ಎರಡರಲ್ಲಿ ಯಾವುದು?
(ತಂದೆ, ತಿಪಟೂರು)

ಸೋಮಾರಿ ಕಣ್ಣು ಅಂದರೆ ಚಿಕ್ಕಂದಿನಲ್ಲಿ ಸರಿಯಾಗಿ ಬಳಕೆಯಾಗದೆ ನೋಟ ಹಿಂದುಳಿದ ಕಣ್ಣು. ಎಷ್ಟು ಗಂಟೆ ಅನ್ನೋದು ತೊಂದರೆ ಎಷ್ಟು ಆಳ ಅನ್ನೋದರ ಮೇಲೆ ನಿಂತಿದೆ. ಮಧ್ಯಮ ಮಟ್ಟದ್ದಾದರೆ 2 ಗಂಟೆಯೂ 6 ಗಂಟೆಯಷ್ಟೇ ಫಲ ಕೊಡುತ್ತದೆ ಅಂತ 2003ರಲ್ಲಿ ಅಮೆರಿಕದಲ್ಲಿ ಏಳು ವರ್ಷದ ಒಳಗಿನ ಮಕ್ಕಳ ಮೇಲೆ ನಡೆದ ಪರೀಕ್ಷೆ ತೋರಿಸಿತು. ಆ ಹೊತ್ತಿನಲ್ಲಿ ಬಣ್ಣ ಹಚ್ಚೋದು, ಮಣಿ ಪೋಣಿಸೋದು ಇಂಥ ಹತ್ತಿರದ ಕೆಲಸ ಮಾಡಿಸಬೇಕು. ತೊಂದರೆ ಜಾಸ್ತಿ ಇದ್ದರೆ 6 ಗಂಟೆ ಬೇಕಾಗುತ್ತದೆ. ಮಗನ ನೋಟ ಎಷ್ಟಿದೆ ಅಂತ ಇಬ್ಬರೂ ಬರೆದಿರಬೇಕಲ್ಲ, ಆ ಚೀಟಿ ಇಟ್ಟುಕೊಂಡು ಅವರನ್ನೇ ಕೇಳಿ. ಕನ್ನಡಕ ಮಾತ್ರ ಎದ್ದಾಗಿನಿಂದ ಮಲಗುವ ತನಕ. ಅದಿಲ್ಲದೆ ಪಟ್ಟಿ ಕಟ್ಟಿ ಫಲ ಇಲ್ಲ. ಮತ್ತೆ, ಕಾಯಬೇಡಿ. ಏಳು ದಾಟಿದ ಮೇಲೂ ಕೆಲವು ಮಕ್ಕಳು ಸುಧಾರಿಸುತ್ತಾರೆ, ಆದರೆ ಈಗಿನಷ್ಟು ಸುಲಭ ಅಲ್ಲ.

ಪ್ರಶ್ನೆ: ನನಗೆ 46. ರೇಷ್ಮೆ ನೂಲು ಬಿಚ್ಚುವ ಕೆಲಸ. ಎಳೆ ಕಾಣಲ್ಲ ಅಂತ ಹೋದಾಗ ಒಂದು ಕಡೆ ಪ್ರೊಗ್ರೆಸಿವ್ ಅಂತ ದುಬಾರಿ ಕನ್ನಡಕ ಕೊಟ್ಟರು. ಪೇಪರ್ ಓದಬಹುದು, ನೂಲು ಮಾತ್ರ ಕಾಣಲ್ಲ. ಇನ್ನೊಂದು ಕಡೆ ಜಾತ್ರೆಯಲ್ಲಿ ಸಿಗುವಂಥ ರೆಡಿಮೇಡ್ ಚಾಳೀಸು ಸಾಕು ಅಂದರು. ಅದರಲ್ಲಿ ಎಳೆ ಕಾಣಬೇಕಾದರೆ ಬಗ್ಗಿ ಮುಖವನ್ನೇ ಬೇಸಿನ್ ಹತ್ತಿರ ತರಬೇಕು, ಬೆನ್ನು ನೋವು.
(ಕೆಲಸಗಾರ್ತಿ, ಶಿಡ್ಲಘಟ್ಟ)

ಅಕ್ಕ, ನಿಮ್ಮ ಪತ್ರಕ್ಕೇ ಈ ತಿಂಗಳು ಕೊನೆಯ ಜಾಗ ಇಟ್ಟುಕೊಂಡಿದ್ದೆ. ಇಬ್ಬರೂ ನಿಮ್ಮ ಕಣ್ಣನ್ನು ನೋಡಿದರು, ನಿಮ್ಮ ಕೆಲಸವನ್ನು ನೋಡಲಿಲ್ಲ. 40 ದಾಟಿದವರಿಗೆ ಹತ್ತಿರದ ನಂಬರ್ ಕೊಡುವಾಗ ನಾವು ಕೈಗೆ ಒಂದು ಓದುವ ಕಾರ್ಡ್ ಕೊಡುತ್ತೇವೆ. ಅದನ್ನು ಸುಮಾರು 40 ಸೆಂಟಿಮೀಟರ್ ದೂರದಲ್ಲಿ ಹಿಡಿದು ಓದಿದರೆ ಪರೀಕ್ಷೆ ಮುಗಿಯಿತು. ಪೇಪರ್ ಓದುವವರಿಗೆ ಅದು ಸರಿ. ನೀವು ಬೇಸಿನ್ ಮುಂದೆ ಕೂತಾಗ ಎಳೆ ಬಹುಶಃ 60 ಸೆಂಟಿಮೀಟರ್ ದೂರದಲ್ಲಿರುತ್ತದೆ. ಆ ದೂರಕ್ಕೆ ಬೇಕಾದ ನಂಬರ್ ಓದುವ ನಂಬರ್‌ಗಿಂತ ಸುಮಾರು 0.75 ಕಡಿಮೆ. ಓದುವ ನಂಬರ್ ಹಾಕಿಕೊಂಡರೆ ಬಗ್ಗಲೇಬೇಕು, ಬೆನ್ನು ನೋಯಲೇಬೇಕು. ಪ್ರೊಗ್ರೆಸಿವ್ ಅಂದರೆ ದೂರ, ಮಧ್ಯ, ಹತ್ತಿರ ಮೂರಕ್ಕೂ ಒಂದೇ ಲೆನ್ಸ್, ಅದರಲ್ಲಿ ಆ ಮಧ್ಯದ ದೂರಕ್ಕೆ ಇರುವ ಜಾಗ ಒಂದು ಕಿರಿದಾದ ಓಣಿ ಇದ್ದ ಹಾಗೆ. ನೀವು ಎಡಕ್ಕೆ, ಬಲಕ್ಕೆ ಬೇಗ ಬೇಗ ಕಣ್ಣಾಡಿಸುತ್ತೀರಿ, ಗೂಡಿನಿಂದ ಎಳೆ ತುಂಡಾದರೆ ಹುಡುಕುತ್ತೀರಿ, ಮೇಲೆ ತಿರುಗುವ ರಾಟೆ ನೋಡುತ್ತೀರಿ. ಆ ಓಣಿ ಸಾಕಾಗುವುದಿಲ್ಲ. ಲೆನ್ಸ್ ಕೆಟ್ಟದ್ದಲ್ಲ, ನಿಮ್ಮ ಕೆಲಸಕ್ಕೆ ಅದು ಅಲ್ಲ ಅಷ್ಟೇ.

ನಿಮಗೆ ಬೇಕಾದ್ದು ಒಂದೇ ನಂಬರಿನ ಮಾಮೂಲಿ ಲೆನ್ಸ್, ನಿಮ್ಮ ಕೆಲಸದ ದೂರಕ್ಕೆ ಲೆಕ್ಕ ಹಾಕಿದ್ದು. ಬೆಲೆಯೂ ಕಡಿಮೆ. ಫ್ರೇಮ್ ಸ್ವಲ್ಪ ದೊಡ್ಡದಿರಲಿ, ಕೆನ್ನೆಗೆ ಅಂಟಿಕೊಳ್ಳದಿರಲಿ, ಇಲ್ಲಾಂದ್ರೆ ಬಿಸಿನೀರಿನ ಹಬೆಗೆ ಪದೇ ಪದೇ ಮಂಜಾಗುತ್ತದೆ. ರೆಡಿಮೇಡ್‌ನಲ್ಲಿ ಎರಡೂ ಕಣ್ಣಿಗೆ ಒಂದೇ ನಂಬರ್ ಇರುತ್ತದೆ, ನಿಮ್ಮ ಎರಡೂ ಕಣ್ಣು ಒಂದೇ ಥರ ಇದ್ದು ಸಿಲಿಂಡರ್ (ಓರೆ ನಂಬರ್) ಇಲ್ಲದಿದ್ದರೆ ತಪ್ಪೇನಿಲ್ಲ, ಆದರೆ ಅದನ್ನು ಪರೀಕ್ಷೆ ಮಾಡಿದ ಮೇಲೆ ಹೇಳಬೇಕು. ನಿಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ರಾಜ್ಯ ಸರ್ಕಾರದ ಆಶಾಕಿರಣ ಯೋಜನೆಯ ಮೊದಲ ಹಂತದಲ್ಲೇ ಇತ್ತು, ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಕಣ್ಣು ನೋಡಿ, ಬೇಕಾದವರಿಗೆ ಉಚಿತ ಕನ್ನಡಕ ಕೊಡಿಸಿದ ಯೋಜನೆ ಅದು. ನಿಮ್ಮೂರಿನ ಆಶಾ ಅವರನ್ನೇ ಒಮ್ಮೆ ವಿಚಾರಿಸಿ.

ಹೋಗುವ ಮುಂಚೆ ಒಂದು ಕೆಲಸ ಮಾಡಿ. ದಿನಾ ಕೂರುವ ಹಾಗೇ ನೆಟ್ಟಗೆ ಕೂತು, ಪಕ್ಕದವರ ಕೈಗೆ ಒಂದು ದಾರ ಕೊಡಿ. ನಿಮ್ಮ ಕಣ್ಣಿನ ಪಕ್ಕದಿಂದ ಬೇಸಿನ್‌ನಲ್ಲಿ ಎಳೆ ಏಳುವ ಜಾಗದ ತನಕ ಅಳೆದು ಗಂಟು ಹಾಕಲಿ. ರಾಟೆ ತನಕ ಇನ್ನೊಂದು ಗಂಟು. ಆ ದಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಿ, ಪರೀಕ್ಷೆ ಮಾಡುವವರ ಕೈಗೆ ಕೊಟ್ಟು 'ನನಗೆ ಇಷ್ಟು ದೂರದಲ್ಲಿ ಕಾಣಬೇಕು' ಅನ್ನಿ. ಜೊತೆಗೆ ಒಂದೆಳೆ ನೂಲೂ ಇರಲಿ, ಪರೀಕ್ಷೆಗೆ ಲೆನ್ಸ್ ಬದಲಿಸಿ ಹಾಕುವ ಟ್ರಯಲ್ ಫ್ರೇಮ್ ಹಾಕಿಕೊಂಡೇ ಆ ಗಂಟಿನ ದೂರದಲ್ಲಿ ಅದನ್ನು ಹಿಡಿದು ನೋಡಿ. ಕಂಡರೆ ಆ ನಂಬರ್ ಬರೆಸಿಕೊಳ್ಳಿ.